ಹೊಟ್ಟೆಹುಣ್ಣಿನ ಔಷಧಿಯೂ ಕಾಲಿನ ಬಾವೂ



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಗೊಬ್ಬರ, ಧಾರಣೆ ಇವುಗಳ ವಿಚಾರವನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲ ಮನುಷ್ಯನ ದೇಹದ ಒಂದು ಪಾಠ. ಬೋರ್ಡೋ ದ್ರಾವಣ ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂದು ನಾವು ತೂಗಿ ಹಾಕುತ್ತೇವೆ. ಸುಣ್ಣ ಕಡಿಮೆಯಾದರೆ ಸುಟ್ಟುಹೋಗುವುದು ನಮ್ಮದೇ ಎಲೆ ಎಂಬುದು ಗೊತ್ತಿದೆ. ಆದರೆ ನಮ್ಮ ಹೊಟ್ಟೆಗೆ ಹಾಕಿಕೊಳ್ಳುವ ಔಷಧಿಯ ವಿಷಯದಲ್ಲಿ ಅಂಥ ತೂಕವೂ ಇಲ್ಲ, ಲೆಕ್ಕವೂ ಇಲ್ಲ. ಅದರಲ್ಲಿಯೂ ‘ಇದು ಬೇರು, ಇದು ನಾರು, ಇದರಿಂದ ಏನಾದೀತು’ ಎಂಬ ಧೈರ್ಯವೇ ಹೆಚ್ಚು.

ಈ ಪಾಠವನ್ನು ಬರೆಯಲು ಒಂದು ಕಾರಣವಿದೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಿಗೆ ಹಲವು ವರ್ಷಗಳಿಂದ ರಕ್ತದೊತ್ತಡ. ಅದಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ, ಅಂದರೆ ನಾವು ‘ನೀರಿನ ಮಾತ್ರೆ’ ಎನ್ನುವುದನ್ನು, ದಿನವೂ ನುಂಗುತ್ತಿದ್ದರು. ಕಾಫಿ ಕೊಯ್ಲಿನ ದಿನಗಳಲ್ಲಿ ಅವರಿಗೆ ಎದೆಯುರಿ, ಹೊಟ್ಟೆಯುರಿ ಶುರುವಾಯಿತು. ಯಾರೋ ಹೇಳಿದರೆಂದು ಗ್ರಂಧಿಗೆ ಅಂಗಡಿಯಿಂದ ಜ್ಯೇಷ್ಠಮಧುವಿನ ಪುಡಿ ತಂದು, ಬೆಳಿಗ್ಗೆ ಎರಡು ಚಮಚ, ರಾತ್ರಿ ಎರಡು ಚಮಚ ತೆಗೆದುಕೊಂಡರು. ಉರಿ ನಿಜಕ್ಕೂ ಇಳಿಯಿತು. ಸಂತೋಷದಿಂದ ಎರಡು ತಿಂಗಳು ಮುಂದುವರಿಸಿದರು.

ಆಮೇಲೆ ಕಾಲಿನ ಗಂಟಿನ ಬಳಿ ಬಾವು ಬಂತು. ಸಂಜೆಯ ಹೊತ್ತಿಗೆ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚತೊಡಗಿತು. ಕಣದಿಂದ ಮನೆಯ ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಎದೆ ಒಮ್ಮೊಮ್ಮೆ ತಾಳ ತಪ್ಪುತ್ತಿತ್ತು. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದರು. ಕೊನೆಗೆ ಮಗ ಒತ್ತಾಯ ಮಾಡಿ ಪೇಟೆಗೆ ಕರೆದುಕೊಂಡು ಹೋದ. ಗುಳಿಗೆ ತಪ್ಪಿಸದೆ ನುಂಗುತ್ತಿದ್ದರೂ ರಕ್ತದೊತ್ತಡ ಏರಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಇಳಿದಿತ್ತು.

“ಯಜಮಾನರೇ, ಈ ಗುಳಿಗೆ ಬಿಟ್ಟು ಮತ್ತೇನು ಔಷಧಿ ತಗೊಳ್ತೀರಿ?” ಎಂದು ಡಾಕ್ಟರು ಕೇಳಿದರು.

“ಏನೂ ಇಲ್ಲ ಡಾಕ್ಟ್ರೇ.”

ಹಿಂದೆ ನಿಂತಿದ್ದ ಅವರ ಮನೆಯವರು ತಡೆಯಲಾರದೆ ಹೇಳಿದರು: “ಆ ಸಿಹಿ ಬೇರಿನ ಪುಡಿ ತಗೊಳ್ತಾರಲ್ಲ, ಅದನ್ನ ಹೇಳಿ.”

“ಅದು ಔಷಧಿ ಅಲ್ಲ ಮಾರಾಯ್ತಿ, ಬೇರು ತಾನೇ!”

ಈ ಒಂದು ಮಾತಿನಲ್ಲಿಯೇ ನಮ್ಮ ಪಾಠವೆಲ್ಲ ಅಡಗಿದೆ. ಬೇರು ಹೊಟ್ಟೆಯ ಹುಣ್ಣನ್ನು ಮಾಯಿಸಬಲ್ಲದಾದರೆ ಅದು ಔಷಧಿಯೇ. ಔಷಧಿಯೇ ಆದಮೇಲೆ ಅದಕ್ಕೆ ಅಳತೆಯೂ ಅವಧಿಯೂ ಉಂಟು. ಹೊಟ್ಟೆಗೆ ಹಾಕಿದ್ದು ಕಾಲಿನ ಬಾವಾಗಿ ಹೊರಬೀಳುವುದು ಹೇಗೆ ಎಂಬುದನ್ನು ವೈದ್ಯಶಾಸ್ತ್ರ ಕಂಡುಕೊಳ್ಳಲು ನಲವತ್ತು ವರ್ಷ ಹಿಡಿಯಿತು. ಆ ಕಥೆಯನ್ನು ಮೊದಲಿನಿಂದ ನೋಡೋಣ.

ಹಾಲೆಂಡಿನಲ್ಲಿ ಕಂಡದ್ದು

ಜ್ಯೇಷ್ಠಮಧುವಿಗೆ ಅತಿಮಧುರ, ಯಷ್ಟಿಮಧು ಎಂಬ ಹೆಸರುಗಳೂ ಇವೆ. ಇದು ನಮ್ಮ ಮಲೆನಾಡಿನ ಗಿಡವಲ್ಲ. ಒಣ ಹವೆಯ ದೇಶಗಳಲ್ಲಿ ಬೆಳೆಯುವ ಇದರ ಬೇರು ನಮ್ಮ ದೇಶಕ್ಕೆ ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತದೆ. ಕೆಮ್ಮು, ಗಂಟಲು ಕೆರೆತ, ಹೊಟ್ಟೆಯುರಿಗಳಿಗೆ ಆಯುರ್ವೇದದಲ್ಲಿ ಇದರ ಬಳಕೆ ಬಹು ಹಳೆಯದು. ಬೇರಿನಲ್ಲಿರುವ ಗ್ಲಿಸಿರೈಜಿನ್ ಎಂಬ ವಸ್ತು ಸಕ್ಕರೆಗಿಂತ ಸುಮಾರು 50 ಪಟ್ಟು ಸಿಹಿ. ಹಾಲೆಂಡಿನಲ್ಲಿ ಇದೇ ಬೇರಿನ ಸಾರದಿಂದ ‘ಡ್ರಾಪ್’ ಎಂಬ ಕಪ್ಪು ಮಿಠಾಯಿ ಮಾಡುತ್ತಾರೆ. ಅಲ್ಲಿಯ ಜನರಿಗೆ ಅದು ಬಹಳ ಪ್ರಿಯ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಹಾಲೆಂಡಿನ ರೆವರ್ಸ್ ಎಂಬ ವೈದ್ಯರು ಒಂದು ವರದಿ ಪ್ರಕಟಿಸಿದರು. ಹೀರನ್‌ವೇನ್ ಎಂಬ ಊರಿನ ಔಷಧಿ ವ್ಯಾಪಾರಿಯೊಬ್ಬ ಈ ಬೇರಿನ ಸಾರದಿಂದ ಲೇಹ್ಯದಂಥ ಮದ್ದು ಮಾಡಿ ಕೊಡುತ್ತಿದ್ದ. ಜಠರದ ಹುಣ್ಣಿನ ರೋಗಿಗಳು ಅದರಿಂದ ಗುಣ ಹೊಂದುತ್ತಿದ್ದುದು ರೆವರ್ಸ್ ಅವರ ಕಣ್ಣಿಗೆ ಬಿತ್ತು. ಆದರೆ ಅವರು ಒಳ್ಳೆಯದನ್ನು ಮಾತ್ರ ಬರೆದು ನಿಲ್ಲಿಸಲಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಮುಖ ಮತ್ತು ಕಾಲುಗಳಲ್ಲಿ ಬಾವು ಬರುತ್ತದೆ, ತಲೆನೋವು, ಏದುಸಿರು ಕಾಣಿಸುತ್ತದೆ, ಪ್ರಮಾಣ ಇಳಿಸಿದರೆ ಇವೆಲ್ಲ ಹೋಗುತ್ತವೆ ಎಂಬುದನ್ನೂ ದಾಖಲಿಸಿದರು. ಔಷಧಿಯ ಗುಣದ ಜೊತೆಗೆ ದೋಷವನ್ನೂ ಅದೇ ಹಾಳೆಯಲ್ಲಿ ಬರೆದ ಈ ಪ್ರಾಮಾಣಿಕತೆಯಿಂದಲೇ ಮುಂದಿನ ಸಂಶೋಧನೆಗೆ ದಾರಿಯಾಯಿತು.

1950ರಲ್ಲಿ ಹಾಲೆಂಡಿನ ಮೋಲ್‌ಹೌಸನ್, ಬೋರ್ಸ್ಟ್ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ಬೇರಿನ ಸಾರ ಕೊಟ್ಟಾಗ ದೇಹವು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ರಕ್ತದೊತ್ತಡ ಏರುತ್ತದೆ ಎಂದು ಕಂಡಿತು. ಅಡ್ರಿನಲ್ ಗ್ರಂಥಿಯ ಒಂದು ಬಗೆಯ ಹಾರ್ಮೋನನ್ನು ಸೂಜಿಮದ್ದಾಗಿ ಕೊಟ್ಟರೆ ಆಗುವುದೂ ಇದೇ. ಹಾಗಾದರೆ ಸಿಹಿ ಬೇರಿನೊಳಗೆ ಹಾರ್ಮೋನು ಇದೆಯೆ?

ಬೇರಿನಿಂದ ಗುಳಿಗೆ

ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಬೇರು ಗುಳಿಗೆಯಾಯಿತು. ಬ್ರಿಟನ್ನಿನಲ್ಲಿ ಜ್ಯೇಷ್ಠಮಧುವಿನ ಸಾರವನ್ನು ರಾಸಾಯನಿಕವಾಗಿ ಮಾರ್ಪಡಿಸಿ ಕಾರ್ಬೆನಾಕ್ಸೊಲೋನ್ ಎಂಬ ಔಷಧಿಯನ್ನು ತಯಾರಿಸಿದರು. 1962ರಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಇದನ್ನು ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ, ಜಠರದ ಹುಣ್ಣು ಬೇಗ ಮಾಯುತ್ತದೆಂದು ತೋರಿಸಿದರು. ಹೊಗೆಸೊಪ್ಪಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟ ಡಾಲ್ ಅವರೇ ಇವರು.

ಈ ಗುಳಿಗೆ ಜಠರದ ಆಮ್ಲವನ್ನು ತಗ್ಗಿಸುತ್ತಿರಲಿಲ್ಲ. ಜಠರದ ಒಳಗೋಡೆಗೆ ಕಾವಲಾಗಿರುವ ಲೋಳೆಯ ಪದರವನ್ನು ಬಲಪಡಿಸುತ್ತಿತ್ತು. ಆ ಕಾಲದಲ್ಲಿ ಹುಣ್ಣಿಗೆ ಹಾಲು, ಪಥ್ಯ, ಹಾಸಿಗೆ ವಿಶ್ರಾಂತಿ, ಸುಣ್ಣದ ತಿಳಿಯಂಥ ಆಮ್ಲಹರ ಮದ್ದುಗಳು, ಇವು ಯಾವುವೂ ಆಗದಿದ್ದರೆ ಶಸ್ತ್ರಚಿಕಿತ್ಸೆ ಎಂಬ ಸ್ಥಿತಿಯಿತ್ತು. ವಾರಗಟ್ಟಲೆ ಕೆಲಸ ಬಿಟ್ಟು ಮಲಗಲಾರದ ದುಡಿಯುವ ಜನಕ್ಕೆ, ಓಡಾಡುತ್ತಲೇ ಹುಣ್ಣು ಮಾಯಿಸಿಕೊಳ್ಳುವ ಗುಳಿಗೆ ದೊಡ್ಡ ಉಪಕಾರವೇ ಆಯಿತು.

ಆದರೆ ಬೇರಿನ ಗುಣ ಗುಳಿಗೆಯನ್ನೂ ಬಿಡಲಿಲ್ಲ. ಅನೇಕ ರೋಗಿಗಳ ತೂಕ ಏರಿತು, ಕಾಲು ಬಾತಿತು, ರಕ್ತದೊತ್ತಡ ಹೆಚ್ಚಿತು, ಪೊಟ್ಯಾಸಿಯಂ ಇಳಿಯಿತು. ವಯಸ್ಸಾದವರಿಗೂ ಹೃದಯದ ತೊಂದರೆಯಿದ್ದವರಿಗೂ ಇದು ಹೆಚ್ಚು ಕಷ್ಟ ಕೊಟ್ಟಿತು. ಉಪ್ಪು ಹಿಡಿಯುವ ಹಾರ್ಮೋನಿಗೆ ಎದುರಾಗಿ ನಿಲ್ಲುವ ಸ್ಪೈರೊನೊಲ್ಯಾಕ್ಟೋನ್ ಎಂಬ ಗುಳಿಗೆಯನ್ನು ಜೊತೆಗೆ ಕೊಟ್ಟು ನೋಡಿದರು. ಬಾವು ಇಳಿಯಿತು, ಆದರೆ ಹುಣ್ಣು ಮಾಯುವುದೂ ನಿಂತಿತು. 1968ರಲ್ಲಿ ಡಾಲ್ ಮತ್ತು ಸಂಗಡಿಗರು ಇದನ್ನು ವರದಿ ಮಾಡಿದರು. ಇನ್ನೊಂದು ಬಗೆಯ ನೀರಿನ ಮಾತ್ರೆ ಕೊಟ್ಟರೆ ಹುಣ್ಣು ಮಾಯುತ್ತಿತ್ತು, ಬಾವೂ ಇಳಿಯುತ್ತಿತ್ತು. ಆದರೆ ಆ ಮಾತ್ರೆ ತಾನೂ ಪೊಟ್ಯಾಸಿಯಮ್ಮನ್ನು ಹೊರಹಾಕುವಂಥದು. ಒಂದು ತೂತು ಮುಚ್ಚಲು ಹೋದರೆ ಇನ್ನೊಂದು ಕಡೆ ಸೋರುವ ಮಾಡಿನಂತಾಯಿತು ವೈದ್ಯರ ಪಾಡು.

ದೇಹದ ಬಸಿಗಾಲುವೆ

ಇನ್ನು ದೇಹದೊಳಗೆ ನಡೆಯುವುದೇನೆಂದು ನೋಡೋಣ. ಅಡಿಕೆ ತೋಟಕ್ಕೆ ಬಸಿಗಾಲುವೆ ಎಷ್ಟು ಮುಖ್ಯವೋ ದೇಹಕ್ಕೆ ಮೂತ್ರಪಿಂಡ ಅಷ್ಟು ಮುಖ್ಯ. ಎರಡು ಮೂತ್ರಪಿಂಡಗಳು ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅಷ್ಟೂ ಹೊರಗೆ ಹೋದರೆ ಮನುಷ್ಯ ಉಳಿಯಲಾರ. ಆದ್ದರಿಂದ ಅದರಲ್ಲಿ ಬಹುಪಾಲು ಉಪ್ಪನ್ನೂ ನೀರನ್ನೂ ಮತ್ತೆ ಒಳಗೆ ಎಳೆದುಕೊಂಡು, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ.

ಎಷ್ಟು ಉಪ್ಪು ಒಳಕ್ಕೆ, ಎಷ್ಟು ಹೊರಕ್ಕೆ ಎಂಬ ಕೊನೆಯ ತೀರ್ಮಾನ ಆಲ್ಡೊಸ್ಟಿರೋನ್ ಎಂಬ ಹಾರ್ಮೋನಿನದು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ಇದನ್ನು ಸ್ರವಿಸುತ್ತದೆ. 1953ರಲ್ಲಿ ಇದನ್ನು ಮೊದಲ ಬಾರಿಗೆ ಪ್ರತ್ಯೇಕಿಸಿದರು. ದೇಹದಲ್ಲಿ ಉಪ್ಪು ಕಡಿಮೆಯಾದಾಗ, ರಕ್ತದೊತ್ತಡ ಇಳಿದಾಗ ಈ ಹಾರ್ಮೋನು ಮೂತ್ರಪಿಂಡದ ನಳಿಕೆಗೆ ಹೋಗಿ, ಅಲ್ಲಿಯ ಬೀಗಕ್ಕೆ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಬೀಗ ತೆರೆದರೆ ಸೋಡಿಯಂ ಒಳಗೆ ಬರುತ್ತದೆ, ಅದರ ಬೆನ್ನಿಗೆ ನೀರೂ ಬರುತ್ತದೆ. ಬದಲಿಗೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಸಾಕಷ್ಟು ಉಪ್ಪು ಸಂಗ್ರಹವಾದೊಡನೆ ಹಾರ್ಮೋನು ಇಳಿಯುತ್ತದೆ, ಬೀಗ ಮುಚ್ಚುತ್ತದೆ. ಮಳೆ ನೋಡಿ ತೂಬು ತೆಗೆದು ಮುಚ್ಚುವ ಜಾಣ ಕೆಲಸಗಾರನಂತೆ ಇದರ ವರ್ತನೆ.

ಈ ಹಾರ್ಮೋನು ಅತಿಯಾಗಿ ಸ್ರವಿಸುವ ರೋಗವನ್ನು ಅಮೆರಿಕದ ಜೆರೋಮ್ ಕಾನ್ 1955ರಲ್ಲಿ ವಿವರಿಸಿದರು. ಅದೇ ಕಾನ್ ಅವರು 1968ರಲ್ಲಿ, ಜ್ಯೇಷ್ಠಮಧುವಿನ ಮಿಠಾಯಿಯನ್ನು ಅತಿಯಾಗಿ ತಿಂದು ಅದೇ ಲಕ್ಷಣಗಳನ್ನು ಪಡೆದ ರೋಗಿಯ ವಿಷಯ ಬರೆದರು. ಸೋಜಿಗವೆಂದರೆ, ಇಂಥ ರೋಗಿಗಳ ರಕ್ತದಲ್ಲಿ ಆಲ್ಡೊಸ್ಟಿರೋನ್ ಹೆಚ್ಚಾಗಿರುವುದಿಲ್ಲ, ಬದಲಿಗೆ ಬಹಳ ಕಡಿಮೆ ಇರುತ್ತದೆ. ಕೆಲಸಗಾರ ಮನೆಯಲ್ಲಿ ಮಲಗಿದ್ದಾನೆ, ಆದರೂ ತೂಬು ತೆರೆದೇ ಇದೆ! ಹಾಗಾದರೆ ತೆರೆದವರು ಯಾರು?

ಕಾವಲುಗಾರ ಮಲಗಿದಾಗ

ಬೇರಿನ ಸಾರವೇ ಕಳ್ಳಕೀಲಿಯಾಗಿ ಬೀಗಕ್ಕೆ ಹೊಂದಿಕೊಳ್ಳುತ್ತದೆ ಎಂದು ಬಹುಕಾಲ ನಂಬಿದ್ದರು. ಅದು ಪೂರ್ತಿ ಸರಿಯಲ್ಲ ಎಂಬ ಸುಳಿವು ಹಾಲೆಂಡಿನಲ್ಲಿ 1953ರಷ್ಟು ಹಿಂದೆಯೇ ಸಿಕ್ಕಿತ್ತು. ಅಡ್ರಿನಲ್ ಗ್ರಂಥಿ ಪೂರ್ತಿ ಕೆಟ್ಟುಹೋದ ರೋಗಿಗಳಿಗೆ ಬೇರಿನ ಸಾರವೊಂದನ್ನೇ ಕೊಟ್ಟರೆ ಪರಿಣಾಮ ಕಾಣುತ್ತಿರಲಿಲ್ಲ. ಜೊತೆಗೆ ಸ್ವಲ್ಪ ಕಾರ್ಟಿಸೋನ್ ಕೊಟ್ಟರೆ ಉಪ್ಪು ನಿಲ್ಲುತ್ತಿತ್ತು. ಅಂದರೆ ಬೇರು ತಾನೇ ಕೀಲಿಯಲ್ಲ, ಕೀಲಿ ಬೇರೆ ಯಾರದೋ.

ಆ ಕೀಲಿ ನಮ್ಮ ದೇಹದ್ದೇ. ಅದೇ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನನ್ನೂ ಸ್ರವಿಸುತ್ತದೆ. ಆಯಾಸ, ಕಾಯಿಲೆ, ಉಪವಾಸಗಳನ್ನು ತಡೆದುಕೊಳ್ಳುವ ಶಕ್ತಿ ಕೊಡುವುದು ಇದರ ಕೆಲಸ. ರಕ್ತದಲ್ಲಿ ಇದರ ಪ್ರಮಾಣ ಆಲ್ಡೊಸ್ಟಿರೋನಿಗಿಂತ ನೂರಾರು ಪಟ್ಟು ಹೆಚ್ಚು. ಮೂತ್ರಪಿಂಡದ ಆ ಬೀಗಕ್ಕೆ ಕಾರ್ಟಿಸೋಲ್ ಕೂಡ ಆಲ್ಡೊಸ್ಟಿರೋನಿನಷ್ಟೇ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹಾಗಿದ್ದರೂ ಆರೋಗ್ಯವಂತನಲ್ಲಿ ಅದು ಬೀಗ ತೆರೆಯುವುದಿಲ್ಲ. ಯಾಕೆಂದರೆ ಅಲ್ಲಿ ಒಬ್ಬ ಕಾವಲುಗಾರನಿದ್ದಾನೆ.

ಆ ಕಾವಲುಗಾರ ಒಂದು ಕಿಣ್ವ. ನಳಿಕೆಯ ಜೀವಕೋಶದ ಬಾಗಿಲಲ್ಲಿ ನಿಂತು, ಒಳಗೆ ಬರುವ ಕಾರ್ಟಿಸೋಲನ್ನು ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತದೆ. ಕಾರ್ಟಿಸೋನ್ ಹಲ್ಲು ಮುರಿದ ಕೀಲಿಯಿದ್ದಂತೆ, ಬೀಗಕ್ಕೆ ಕೂರುವುದಿಲ್ಲ. ಹೀಗಾಗಿ ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಆಲ್ಡೊಸ್ಟಿರೋನಿಗೆ ಮಾತ್ರ ಬೀಗದ ಅಧಿಕಾರ ಉಳಿದಿರುತ್ತದೆ.

ಜ್ಯೇಷ್ಠಮಧು ಮತ್ತು ಅದರಿಂದ ಮಾಡಿದ ಗುಳಿಗೆ ಮಾಡುವ ಕೆಲಸ ಇಷ್ಟೇ: ಈ ಕಾವಲುಗಾರನನ್ನು ಮಲಗಿಸುತ್ತವೆ. ಕಾವಲು ತಪ್ಪಿದೊಡನೆ ಕಾರ್ಟಿಸೋಲ್ ಗುಂಪುಗುಂಪಾಗಿ ನುಗ್ಗಿ ಬೀಗ ತೆರೆಯುತ್ತದೆ. ಅದಕ್ಕೆ ಉಪ್ಪಿನ ಲೆಕ್ಕ ತಿಳಿಯದು. ದೇಹದಲ್ಲಿ ಉಪ್ಪು ತುಂಬಿ ತುಳುಕುತ್ತಿದ್ದರೂ ತೂಬು ತೆರೆದೇ ಇರುತ್ತದೆ. ಅತಿಯಾದ ಉಪ್ಪನ್ನು ಕಂಡು ದೇಹವು ಆಲ್ಡೊಸ್ಟಿರೋನನ್ನು ನಿಲ್ಲಿಸಿಬಿಡುತ್ತದೆ. ರಕ್ತಪರೀಕ್ಷೆಯಲ್ಲಿ ಅದು ಕಡಿಮೆ ಕಾಣುವುದು ಇದಕ್ಕೇ. ಎಡಿನ್‌ಬರೋದ ಸ್ಟೂವರ್ಟ್, ಎಡ್ವರ್ಡ್ಸ್ ಮತ್ತು ಸಂಗಡಿಗರು 1987ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಜ್ಯೇಷ್ಠಮಧು ತಿನ್ನಿಸಿ ಇದನ್ನು ತೋರಿಸಿದರು. ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಮಕ್ಕಳಲ್ಲಿ, ಬೇರನ್ನು ಮುಟ್ಟದಿದ್ದರೂ, ಇದೇ ಲಕ್ಷಣಗಳು ಕಾಣುವುದು ಈ ಮಾತಿಗೆ ಇನ್ನೊಂದು ಸಾಕ್ಷಿ.

ರೆವರ್ಸ್ ಬಾವನ್ನು ಕಂಡದ್ದು 1946ರಲ್ಲಿ, ಕಾರಣ ಸಿಕ್ಕಿದ್ದು 1987ರಲ್ಲಿ. ಬೇರಿನಲ್ಲಿ ಹಾರ್ಮೋನು ಇರಲಿಲ್ಲ. ನಮ್ಮದೇ ಹಾರ್ಮೋನು ಬೇಡದ ಜಾಗದಲ್ಲಿ ಕೆಲಸ ಮಾಡುವಂತೆ ಅದು ಮಾಡುತ್ತಿತ್ತು.

ಪೊಟ್ಯಾಸಿಯಂ ಹೋದರೆ ಏನಾಗುತ್ತದೆ?

ಕಾಲಿನ ಬಾವು ಕಣ್ಣಿಗೆ ಕಾಣುತ್ತದೆ. ಕಾಣದಿರುವ ಅಪಾಯ ಪೊಟ್ಯಾಸಿಯಮ್ಮಿನದು. ತೋಟಕ್ಕೆ ಪೊಟ್ಯಾಷ್ ಕಡಿಮೆಯಾದರೆ ಹಳೆಯ ಎಲೆಯ ಅಂಚು ಒಣಗುವುದನ್ನು ನಾವು ಬಲ್ಲೆವು. ಮನುಷ್ಯನಲ್ಲಿ ಅದು ಕಡಿಮೆಯಾದರೆ ಮೊದಲು ಸೋಲುವುದು ಮಾಂಸಖಂಡ. ತೊಡೆ, ತೋಳು ನಿತ್ರಾಣವಾಗುತ್ತವೆ, ಸೆಳೆತ ಹಿಡಿಯುತ್ತದೆ, ಮಲಬದ್ಧತೆಯಾಗುತ್ತದೆ. ಇನ್ನೂ ಇಳಿದರೆ ಕೈಕಾಲು ಎತ್ತಲಾಗದ ಸ್ಥಿತಿ ಬರಬಹುದು. ಹೃದಯವೂ ಮಾಂಸಖಂಡವೇ ಆದ್ದರಿಂದ ಅದರ ಬಡಿತ ತಾಳ ತಪ್ಪಿ, ಜೀವಕ್ಕೇ ಸಂಚಕಾರ ಬರಬಹುದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಟ್ಟಡ ಕೆಲಸದ 54 ವರ್ಷದ ಒಬ್ಬ ವ್ಯಕ್ತಿ ಕೆಲವು ವಾರ ದಿನವೂ ಒಂದೂವರೆ ಚೀಲ ಜ್ಯೇಷ್ಠಮಧುವಿನ ಮಿಠಾಯಿ ತಿಂದು, ಪೊಟ್ಯಾಸಿಯಂ ಕುಸಿದು, ಹೃದಯ ನಿಂತು ಸತ್ತ ಸಂಗತಿ 2020ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಗುಳಿಗೆ ಹೋಯಿತು, ಬೇರು ಉಳಿಯಿತು

ಕಾರ್ಬೆನಾಕ್ಸೊಲೋನ್ ಗುಳಿಗೆಯ ಕಾಲ ಈಗ ಮುಗಿದಿದೆ. 1976ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದ ಸಿಮೆಟಿಡೀನ್, ಆಮೇಲಿನ ರಾನಿಟಿಡೀನ್, ಒಮೆಪ್ರಜೋಲ್ ಮುಂತಾದವು ಆಮ್ಲವನ್ನೇ ತಗ್ಗಿಸಿ ಹುಣ್ಣು ಮಾಯಿಸಿದವು. ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ 1982ರಲ್ಲಿ ಜಠರದಲ್ಲಿ ವಾಸಿಸುವ ಹೆಲಿಕೊಬ್ಯಾಕ್ಟರ್ ಎಂಬ ರೋಗಾಣುವನ್ನು ಗುರುತಿಸಿದರು. ಬಹಳಷ್ಟು ಹುಣ್ಣುಗಳಿಗೆ ಅದೇ ಕಾರಣವೆಂದು ಗೊತ್ತಾಗಿ 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಆದರೆ ಬೇರು ಎಲ್ಲಿಗೂ ಹೋಗಿಲ್ಲ. ಗ್ರಂಧಿಗೆ ಅಂಗಡಿಯ ಡಬ್ಬದಲ್ಲಿದೆ, ಕಷಾಯದ ಪುಡಿಯಲ್ಲಿದೆ, ಕೆಮ್ಮಿನ ಔಷಧಿಗಳಲ್ಲಿ, ಗಂಟಲಿನ ಗುಳಿಗೆಗಳಲ್ಲಿದೆ. ಕೆಲವು ಕಡೆ ಎಲೆಯಡಿಕೆಯ ಬೀಡಾಕ್ಕೂ ಹಾಕುತ್ತಾರೆ. ಗಂಟಲು ಕೆರೆದಾಗ ಒಂದು ಚೂರು ಬೇರು ಬಾಯಲ್ಲಿಟ್ಟುಕೊಂಡರೆ ಆರೋಗ್ಯವಂತನಿಗೆ ಹೆದರಿಕೆಯಿಲ್ಲ. ವೈದ್ಯರು ರೋಗಿಯನ್ನು ನೋಡಿ, ಅಳತೆ ಹೇಳಿ, ಇಷ್ಟು ದಿನವೆಂದು ಕೊಟ್ಟರೆ ಅದಕ್ಕೂ ನಮ್ಮ ಆಕ್ಷೇಪವಿಲ್ಲ. ತೊಂದರೆ ಇರುವುದು ಹೇಳುವವರು ಕೇಳುವವರು ಇಲ್ಲದೆ ತಿಂಗಳುಗಟ್ಟಲೆ ಚಮಚಗಟ್ಟಲೆ ತಿನ್ನುವುದರಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಮೀರಬಾರದೆಂದು ಯುರೋಪಿನ ಆಹಾರ ತಜ್ಞರ ಸಮಿತಿ 2003ರಲ್ಲಿ ಸಲಹೆ ಕೊಟ್ಟಿದೆ. ಬೇರಿನಲ್ಲಿ ಇದರ ಅಂಶ ಒಂದೊಂದು ಮಾಲಿಗೆ ಒಂದೊಂದು ತೆರ. ನೂರಕ್ಕೆ 5 ಎಂದು ಹಿಡಿದರೆ 2 ಗ್ರಾಂ ಪುಡಿಯಲ್ಲೇ 100 ಮಿಲಿಗ್ರಾಂ ಆಗುತ್ತದೆ. ಒಂದು ತುಂಬಿದ ಚಿಕ್ಕ ಚಮಚ 3 ಗ್ರಾಂ ಎಂದಿಟ್ಟುಕೊಂಡರೆ, ದಿನಕ್ಕೆ ನಾಲ್ಕು ಚಮಚ ತೆಗೆದುಕೊಂಡ ನಮ್ಮ ಸದಸ್ಯರ ದೇಹಕ್ಕೆ ಸುಮಾರು 600 ಮಿಲಿಗ್ರಾಂ, ಅಂದರೆ ಆರು ಪಟ್ಟು ಸೇರುತ್ತಿತ್ತು. ಆ 100 ಮಿಲಿಗ್ರಾಂ ಕೂಡ ಪೂರ್ತಿ ನಿರಪಾಯವಲ್ಲ. 2024ರಲ್ಲಿ ಸ್ವೀಡನ್ನಿನಲ್ಲಿ ಆರೋಗ್ಯವಂತರಿಗೆ ದಿನಕ್ಕೆ ಅಷ್ಟನ್ನೇ ಎರಡು ವಾರ ಕೊಟ್ಟು ನೋಡಿದಾಗ, ರಕ್ತದೊತ್ತಡದ ಮೇಲಿನ ಅಂಕಿ ಸರಾಸರಿ ಸುಮಾರು 3ರಷ್ಟು ಏರಿತು.

ಕೆಳಗಿನವರು ವೈದ್ಯರನ್ನು ಕೇಳದೆ ಜ್ಯೇಷ್ಠಮಧುವನ್ನು ಔಷಧಿಯಾಗಿ ತೆಗೆದುಕೊಳ್ಳಬಾರದು:

1. ರಕ್ತದೊತ್ತಡ, ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು.
2. ನೀರಿನ ಮಾತ್ರೆ ನುಂಗುವವರು. ಮಾತ್ರೆಯೂ ಬೇರೂ ಸೇರಿ ಪೊಟ್ಯಾಸಿಯಮ್ಮನ್ನು ಎರಡು ಕಡೆಯಿಂದ ಸೋರಿಸುತ್ತವೆ.
3. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರು. ಪೊಟ್ಯಾಸಿಯಂ ಇಳಿದರೆ ಆ ಗುಳಿಗೆ ವಿಷವಾಗಬಹುದು.
4. ಉಬ್ಬಸ, ಕೀಲುನೋವು ಮುಂತಾದವಕ್ಕೆ ಸ್ಟೀರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು.
5. ಗರ್ಭಿಣಿಯರು.

ಇವು ಯಾವುವೂ ಇಲ್ಲದವರೂ ವೈದ್ಯರ ಸಲಹೆಯಿಲ್ಲದೆ ನಾಲ್ಕಾರು ವಾರ ಮೀರಿ ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ಸಸ್ಯಗಳ ಪುಸ್ತಕ ಹೇಳುತ್ತದೆ. ಗ್ಲಿಸಿರೈಜಿನ್ ತೆಗೆದುಹಾಕಿದ ಜ್ಯೇಷ್ಠಮಧುವೂ ಮಾರಾಟಕ್ಕಿದೆ. ಅದರಲ್ಲಿ ಈ ದೋಷ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಅಂಗಡಿಯಲ್ಲಿ ತೂಗಿ ಕೊಡುವ ಪುಡಿ ಅದಲ್ಲ ಎಂಬುದು ನೆನಪಿರಲಿ.

ಪೊಟ್ಯಾಸಿಯಂ ಹೋದರೆ ಎಳನೀರು ಕುಡಿದು, ಬಾಳೆಹಣ್ಣು ತಿಂದು ಸರಿಮಾಡಿಕೊಳ್ಳುತ್ತೇವೆ ಎನ್ನುವವರಿದ್ದಾರೆ. ಇವೆರಡರಲ್ಲೂ ಪೊಟ್ಯಾಸಿಯಂ ಇರುವುದು ನಿಜ. ಆದರೆ ತೂಬು ತೆರೆದಿಟ್ಟು ಕೆರೆ ತುಂಬಿಸಲಾಗದು. ಮೊದಲು ಬೇರನ್ನು ನಿಲ್ಲಿಸಬೇಕು. ಮೂತ್ರಪಿಂಡ ಕೆಟ್ಟವರಿಗಂತೂ ಎಳನೀರೂ ಹೆಚ್ಚಾದರೆ ಅಪಾಯವೇ.

ಹೊಟ್ಟೆಯುರಿ ಬಂದರೆ

ಹಾಗಾದರೆ ಹೊಟ್ಟೆಯುರಿಗೆ ಏನು ಮಾಡಬೇಕು? ಎರಡು ವಾರ ಕಳೆದರೂ ಹೋಗದ ಉರಿಗೆ ಮನೆಮದ್ದು ಸಾಲದು. ರೋಗಾಣು ಇದೆಯೋ ಎಂದು ಪರೀಕ್ಷೆ ಮಾಡಿಸಬಹುದು, ಇದ್ದರೆ ಎರಡು ವಾರದ ಚಿಕಿತ್ಸೆಯಲ್ಲಿ ಅದನ್ನು ನಿರ್ಮೂಲ ಮಾಡಬಹುದು.

ಸೊಂಟನೋವು, ಮಂಡಿನೋವಿಗೆಂದು ನಾವು ನುಂಗುವ ನೋವಿನ ಮಾತ್ರೆಗಳನ್ನೂ ಇಲ್ಲಿ ಹೇಳಬೇಕು. ಗೊನೆ ಹೊತ್ತ ದಿನ ಒಂದು, ಔಷಧಿ ಹೊಡೆದ ದಿನ ಒಂದು ಎಂದು ನುಂಗುವ ಆ ಮಾತ್ರೆಗಳಲ್ಲಿ ಹಲವು ಜಠರದಲ್ಲಿ ಹುಣ್ಣು ಮಾಡುತ್ತವೆ. ಬೇರೊಂದು ದಾರಿಯಿಂದ ಅವೂ ಮೂತ್ರಪಿಂಡದಲ್ಲಿ ಉಪ್ಪು ನೀರು ನಿಲ್ಲಿಸುತ್ತವೆ. ನೋವಿನ ಮಾತ್ರೆಯಿಂದ ಹುಣ್ಣು, ಹುಣ್ಣಿಗೆ ಬೇರು, ಎರಡರಿಂದಲೂ ಬಾವು, ಬಾವಿಗೆ ನೀರಿನ ಮಾತ್ರೆ: ಹೀಗೆ ಗಾಣದ ಎತ್ತಿನಂತೆ ಸುತ್ತುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಡಿಗೆ ಸೋಡಾ ನೀರಿಗೆ ಹಾಕಿ ಕುಡಿಯುವುದೂ ದೇಹಕ್ಕೆ ಸೋಡಿಯಂ ಸೇರಿಸಿದಂತೆಯೇ.

ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಅದೇ ದಿನ ಆಸ್ಪತ್ರೆಗೆ ಹೊರಡಬೇಕು. ಕೊಯ್ಲು ಮುಗಿಯಲಿ ಎಂದು ಕಾಯಬಾರದು.

ನೆನಪಿಡಬೇಕಾದ ಮಾತು

ಡಾಕ್ಟರ ಬಳಿ ಹೋಗುವಾಗ ಗುಳಿಗೆಯ ಚೀಟಿಯ ಜೊತೆಗೆ ಪುಡಿ, ಲೇಹ್ಯ, ಕಷಾಯ, ಕೆಮ್ಮಿನ ಔಷಧಿ ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿರಿ. ಪಂಡಿತರ ಬಳಿ ಹೋಗುವಾಗಲೂ ಡಾಕ್ಟರು ಕೊಟ್ಟ ಗುಳಿಗೆಗಳನ್ನು ತೋರಿಸಿರಿ. ಹೊಸದಾಗಿ ಕಾಲು ಬಾತರೆ, ಹತೋಟಿಯಲ್ಲಿದ್ದ ರಕ್ತದೊತ್ತಡ ತಾನಾಗಿ ಏರಿದರೆ, ‘ಈಚೆಗೆ ಹೊಸದಾಗಿ ಏನು ತಿನ್ನುತ್ತಿದ್ದೇನೆ’ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿರಿ.

ನಮ್ಮ ಹಿರಿಯ ಸದಸ್ಯರು ಪುಡಿಯನ್ನು ನಿಲ್ಲಿಸಿದರು. ಪೊಟ್ಯಾಸಿಯಂ ತುಂಬಿಸಲು ಆಸ್ಪತ್ರೆಯಲ್ಲಿ ಕೆಲವು ದಿನ ಇರಬೇಕಾಯಿತು. ಮಲಗಿದ ಕಾವಲುಗಾರ ಎಚ್ಚರಗೊಳ್ಳಲು ಸಮಯ ಹಿಡಿಯುತ್ತದೆ. ಅವರ ರಕ್ತದೊತ್ತಡ ಹಿಂದಿನ ಮಟ್ಟಕ್ಕೆ ಬರಲು ಕೆಲವು ವಾರಗಳೇ ಬೇಕಾದುವು. ಹೊಟ್ಟೆಯ ಹುಣ್ಣಿಗೆ ಈಗ ಸರಿಯಾದ ಚಿಕಿತ್ಸೆಯಾಗಿದೆ. ಈ ಮಳೆಗಾಲದಲ್ಲಿ ತಾವೇ ನಿಂತು ಬಸಿಗಾಲುವೆ ಬಿಡಿಸಿದರೆಂದು ತಿಳಿಸಲು ನಮಗೆ ಸಂತೋಷವಾಗುತ್ತದೆ. ತಮ್ಮ ಅನುಭವ ನಾಲ್ಕು ಜನರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯಲು ಒಪ್ಪಿಗೆ ಕೊಟ್ಟವರೂ ಅವರೇ.

ಅಧ್ಯಯನ ಕೂಟದ ಚರ್ಚೆಗೆ

1. ಜ್ಯೇಷ್ಠಮಧುವಿನಲ್ಲಿ ಹಾರ್ಮೋನು ಇಲ್ಲದಿದ್ದರೂ ಹಾರ್ಮೋನಿನಂಥ ಪರಿಣಾಮ ಏಕೆ ಕಾಣುತ್ತದೆ?
2. ಇಂಥ ರೋಗಿಯ ರಕ್ತದಲ್ಲಿ ಆಲ್ಡೊಸ್ಟಿರೋನ್ ಕಡಿಮೆಯಿರಲು ಕಾರಣವೇನು?
3. ನೀರಿನ ಮಾತ್ರೆ ನುಂಗುವವರಿಗೆ ಈ ಬೇರು ಹೆಚ್ಚು ಅಪಾಯಕರವೇಕೆ?
4. ನಿಮ್ಮ ಮನೆಯಲ್ಲಿರುವ ಕಷಾಯ ಪುಡಿ ಮತ್ತು ಕೆಮ್ಮಿನ ಔಷಧಿಯ ಚೀಟಿಯನ್ನು ಓದಿ, ಜ್ಯೇಷ್ಠಮಧು, ಯಷ್ಟಿಮಧು, ಅತಿಮಧುರ ಎಂಬ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿ, ಮುಂದಿನ ಸಭೆಗೆ ಬರೆದು ತನ್ನಿರಿ.